ಕಾನ್‌ಸ್ಟಾಂಟಿನೋಪಲ್‌ನ ಮಹಾ ಅರಮನೆ ಮತ್ತು ಕ್ರೈಸ್ತ ಧರ್ಮದ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾ ಅರಮನೆ ಎಲ್ಲಿತ್ತು? ಅದು ಒಂದೇ ಕಟ್ಟಡವೇ?

ಇಂದಿನ ಇಸ್ತಾಂಬುಲ್‌ನ ಸುಲ್ತಾನ್‌ಅಹ್ಮೆತ್ ಭಾಗದಲ್ಲಿತ್ತು. ಉತ್ತರಕ್ಕೆ ಹಾಗಿಯಾ ಸೋಫಿಯಾ ಎಂಬ ದೊಡ್ಡ ಚರ್ಚು, ಪಶ್ಚಿಮಕ್ಕೆ ರಥಗಳ ಓಟದ ಬಯಲು, ಕೆಳಗೆ ಮರ್ಮರ ಸಮುದ್ರ. ಈ ಮೂರರ ನಡುವಿನ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸಮತಟ್ಟು ಮಾಡಿ, ಒಂದೊಂದು ತಟ್ಟಿನ ಮೇಲೂ ಕಟ್ಟುತ್ತಾ ಹೋದರು. ಮೇಲಿನ ತಟ್ಟಿಗೂ ದಂಡೆಗೂ ಸುಮಾರು 30 ಮೀಟರ್ ಎತ್ತರದ ವ್ಯತ್ಯಾಸವಿದೆ.

ಕ್ರಿ.ಶ. 330ರಲ್ಲಿ ಲೋಕಾರ್ಪಣೆಯಾದ ರೋಮನ್ ಸಾಮ್ರಾಜ್ಯದ ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆಂದು ಸಾಮ್ರಾಟ 1ನೇ ಕಾನ್‌ಸ್ಟಾಂಟೈನ್ ಶುರುಮಾಡಿದ ಕೆಲಸ ಅದು. ಆಮೇಲೆ ಬಂದ ಸಾಮ್ರಾಟರು ಸಭಾಂಗಣ, ಸ್ನಾನಗೃಹ, ತೋಟ, ಪಡಸಾಲೆ, ಪ್ರಾರ್ಥನಾಮಂದಿರಗಳನ್ನು ಸೇರಿಸುತ್ತಲೇ ಹೋದರು. ಅದನ್ನು ಒಂದು ಕಟ್ಟಡ ಎನ್ನುವುದಕ್ಕಿಂತ ಗೋಡೆಯೊಳಗಿನ ಪುಟ್ಟ ಪಟ್ಟಣ ಎನ್ನುವುದೇ ಸರಿ. ಓದುವಾಗ ಎದುರಾಗುವ ಹೆಸರುಗಳು ಆ ಪಟ್ಟಣದ ಭಾಗಗಳವು. ದಾಫ್ನಿ ಎಲ್ಲಕ್ಕಿಂತ ಹಳೆಯ ಭಾಗ. ಖಾಲ್ಕಿ ಮುಖ್ಯ ಬಾಗಿಲು. ಮಗ್ನೌರ ವಿದೇಶಿ ರಾಯಭಾರಿಗಳನ್ನು ಬರಮಾಡಿಕೊಳ್ಳುವ ಸಿಂಹಾಸನದ ಸಭಾಂಗಣ. ಕ್ರೈಸೊಟ್ರಿಕ್ಲಿನೋಸ್ ಎಂಟು ಮೂಲೆಯ ಚಿನ್ನದ ಸಭಾಂಗಣ. ಬುಕೋಲಿಯನ್ ಸಮುದ್ರದ ದಂಡೆಯ ಭಾಗ.

ಹಿಯೆರಿಯ, ಬ್ಲಾಖರ್ನೆ ಎಂಬ ಹೆಸರುಗಳೂ ಬರುತ್ತವಲ್ಲ?

ಅವು ಬೇರೆ ಅರಮನೆಗಳು. ಇಲ್ಲಿ ಗೊಂದಲ ಮಾಡಿಕೊಂಡರೆ ಮುಂದಿನ ಯಾವ ಘಟನೆಯೂ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಹಿಯೆರಿಯ ಜಲಸಂಧಿಯ ಆಚೆ, ಏಷ್ಯಾದ ದಂಡೆಯಲ್ಲಿ, ಈಗಿನ ಫೆನರ್‌ಬಾಹ್ಚೆಯಲ್ಲಿದ್ದ ಬೇಸಿಗೆ ಅರಮನೆ. ಅದನ್ನು ಕಟ್ಟಿಸಿದವನು 1ನೇ ಜಸ್ಟಿನಿಯನ್. ಬ್ಲಾಖರ್ನೆ ನಗರದ ವಾಯವ್ಯ ಮೂಲೆಯಲ್ಲಿ, ಕೋಟೆಗೋಡೆಗೆ ಒತ್ತಿಕೊಂಡಿತ್ತು. ಮೇರಿಮಾತೆಯ ಉಡುಗೆಯನ್ನು ಇಟ್ಟಿದ್ದ ಪ್ರಸಿದ್ಧ ಚರ್ಚಿನ ಪಕ್ಕದ ಈ ಅರಮನೆ 12ನೇ ಶತಮಾನದಿಂದ ಸಾಮ್ರಾಟರ ಮುಖ್ಯ ವಾಸಸ್ಥಾನವಾಯಿತು.

ಧರ್ಮದ ನಿರ್ಣಯ ಚರ್ಚಿನಲ್ಲಿ ಆಗಬೇಕಲ್ಲವೇ? ಅರಮನೆಗೆ ಅಲ್ಲೇನು ಕೆಲಸ?

ಇಡೀ ಚರ್ಚಿನ ಬಿಷಪ್‌ಗಳು ಕೂಡುವ ಸಾರ್ವತ್ರಿಕ ಧರ್ಮಸಭೆಯೊಂದು ಸೇರಬೇಕಾದರೆ ಏನೇನು ಬೇಕು ಎಂದು ಲೆಕ್ಕ ಹಾಕಿದರೆ ಉತ್ತರ ತಾನಾಗಿ ಸಿಗುತ್ತದೆ. ಮೊದಲು ಸಾಮ್ರಾಟನ ಕರೆಯೋಲೆ ಹೊರಡಬೇಕು. ದೂರದ ಬಿಷಪ್‌ಗಳು ಬರಲು ಸರಕಾರಿ ಅಂಚೆದಾರಿಯ ಕುದುರೆಗಳು ಬೇಕು. ತಿಂಗಳುಗಟ್ಟಲೆ ಊಟ, ವಸತಿ ನಡೆಯಬೇಕು. ನೂರಾರು ಜನ ಕೂರುವ ಸಭಾಂಗಣ, ಮಾತನ್ನು ಆಗಿಂದಾಗಲೇ ಬರೆದುಕೊಳ್ಳುವ ಬರಹಗಾರರು, ಬೀದಿಯಲ್ಲಿ ಗಲಭೆಯಾಗದಂತೆ ಕಾಯುವ ಸೈನಿಕರು ಬೇಕು. ತೀರ್ಮಾನವಾದ ಮೇಲೆ ಅದನ್ನು ಕಾನೂನಾಗಿ ಜಾರಿ ಮಾಡುವ ಅಧಿಕಾರ ಬೇಕು. ಇವೆಲ್ಲ ಇದ್ದದ್ದು ಅರಮನೆಯಲ್ಲಿ ಮಾತ್ರ.

ಆದರೆ ಅರಮನೆ ಕೊಡಲಾಗದ ಒಂದು ವಸ್ತು ಇತ್ತು, ಬಿಷಪ್‌ಗಳ ಸಹಿ. ಅದರಲ್ಲೂ ರೋಮ್, ಕಾನ್‌ಸ್ಟಾಂಟಿನೋಪಲ್, ಅಲೆಕ್ಸಾಂಡ್ರಿಯ, ಅಂಟಿಯೋಕ್, ಜೆರುಸಲೇಮ್ ಎಂಬ ಐದು ಹಿರಿಯ ಪೀಠಗಳ ಒಪ್ಪಿಗೆ. ಕಟ್ಟಡ ಸಾಮ್ರಾಟನದು, ಸಹಿ ಬಿಷಪ್‌ಗಳದು. ಕೆಳಗಿನ ಜಗಳಗಳೆಲ್ಲ ಈ ಎರಡರ ನಡುವಿನ ಎಳೆದಾಟಗಳೇ.

680ರಲ್ಲಿ ಅರಮನೆಯೊಳಗೇ ಧರ್ಮಸಭೆ ನಡೆಯಿತಂತೆ. ಹೇಗೆ ನಡೆಯಿತು?

ಟ್ರುಲ್ಲೋಸ್ ಎಂಬ ಗುಮ್ಮಟದ ಸಭಾಂಗಣದಲ್ಲಿ ನಡೆಯಿತು. ಆ ಪದಕ್ಕೆ ಗುಮ್ಮಟ ಎಂದೇ ಅರ್ಥ. 680ರ ನವೆಂಬರ್ 7ರಂದು ಆರಂಭವಾಗಿ 681ರ ಸೆಪ್ಟೆಂಬರ್ 16ರವರೆಗೆ 18 ಅಧಿವೇಶನಗಳಾದವು. ಇದು ಆರನೆಯ ಸಾರ್ವತ್ರಿಕ ಧರ್ಮಸಭೆ. ಮೊದಲ 11 ಅಧಿವೇಶನಗಳಿಗೂ ಕೊನೆಯದಕ್ಕೂ ಸಾಮ್ರಾಟ 4ನೇ ಕಾನ್‌ಸ್ಟಾಂಟೈನ್ ತಾನೇ ಅಧ್ಯಕ್ಷನಾಗಿ ಕುಳಿತಿದ್ದ. ನಡುವೆ ಸುವಾರ್ತೆಯ ಗ್ರಂಥ. ಗೌರವದ ಸ್ಥಾನವಾದ ಸಾಮ್ರಾಟನ ಎಡಕ್ಕೆ ರೋಮ್‌ನ ಪೋಪ್ ಕಳಿಸಿದ ಪ್ರತಿನಿಧಿಗಳು, ಬಲಕ್ಕೆ ಕಾನ್‌ಸ್ಟಾಂಟಿನೋಪಲ್ ಮತ್ತು ಅಂಟಿಯೋಕ್‌ನ ಪೇಟ್ರಿಯಾರ್ಕ್‌ಗಳು, ಅಂದರೆ ಆ ಪೀಠಗಳ ಮುಖ್ಯಸ್ಥರು.

ಪ್ರಶ್ನೆ ಇಷ್ಟು: ಕ್ರಿಸ್ತನಲ್ಲಿದ್ದ ಸಂಕಲ್ಪ ಒಂದೋ, ಎರಡೋ? ದೈವ ಮತ್ತು ಮಾನುಷ ಎಂಬ ಎರಡು ಸ್ವಭಾವಗಳಿದ್ದರೂ ಸಂಕಲ್ಪ ಒಂದೇ ಎನ್ನುವ ಪಕ್ಷವನ್ನು ಹಿಂದಿನ ಸಾಮ್ರಾಟರೇ ಬೆಳೆಸಿದ್ದರು. ಸಭೆ ಆ ವಾದವನ್ನು ತಳ್ಳಿಹಾಕಿತು.

ಈ ಸಭೆಯ ನಿಜವಾದ ಸ್ವಾರಸ್ಯ ಅದರ ದಾಖಲೆ ಪರಿಶೀಲನೆಯಲ್ಲಿದೆ. ಐದನೆಯ ಧರ್ಮಸಭೆಯ ನಡಾವಳಿಯನ್ನು ಓದುತ್ತಿದ್ದಾಗ, ಒಂದೇ ಸಂಕಲ್ಪವನ್ನು ಬೆಂಬಲಿಸುವ ಪತ್ರವೊಂದು ಬಂತು. ಅದು ನಕಲಿ ಎಂದು ರೋಮ್‌ನವರು ಆಕ್ಷೇಪಿಸಿದರು. ಸಾಮ್ರಾಟನೂ ಅಧಿಕಾರಿಗಳೂ ಹಸ್ತಪ್ರತಿಯನ್ನೇ ಕೈಗೆತ್ತಿಕೊಂಡು ನೋಡಿದರು. ಆರಂಭದ ಮೂರು ಹಾಳೆಕಂತೆಗಳಿಗೆ ಕ್ರಮಸಂಖ್ಯೆಯೇ ಇರಲಿಲ್ಲ, 1 ಎಂಬ ಅಂಕಿ ಇದ್ದದ್ದು ನಾಲ್ಕನೆಯ ಕಂತೆಯ ಮೇಲೆ. ಕೈಬರಹವೂ ಹೊಂದಲಿಲ್ಲ. ಆಮೇಲೆ ಯಾರೋ ತುರುಕಿದ್ದು ಎಂಬುದು ಅಲ್ಲೇ ಬಯಲಾಯಿತು. ಸಂಪುಟದ ಕಟ್ಟನ್ನೇ ಸಾಕ್ಷಿಯಾಗಿ ಓದುವ ಈ ಕ್ರಮ 1,300 ವರ್ಷಗಳ ಹಿಂದೆಯೇ ಇಷ್ಟು ಚೊಕ್ಕವಾಗಿತ್ತು.

ಇನ್ನೊಂದು ಘಟನೆ ಇದಕ್ಕೆ ತೀರಾ ವಿರುದ್ಧ. ಪಾಲಿಕ್ರೋನಿಯಸ್ ಎಂಬ ಪಾದ್ರಿ, ತನ್ನ ಪಕ್ಷದ ವಿಶ್ವಾಸಪತ್ರವನ್ನು ಹೆಣದ ಮೇಲಿಟ್ಟರೆ ಸತ್ತವನು ಏಳುತ್ತಾನೆ ಎಂದು ಪಣ ತೊಟ್ಟ. ಸಭೆಯವರು ಹೊರಗೆ, ಜ್ಯೂಕ್ಸಿಪ್ಪಸ್ ಸ್ನಾನಗೃಹದ ಅಂಗಳಕ್ಕೆ ಬಂದು ನಿಂತರು. ಜನ ಸೇರಿದರು. ಅವನು ಹೆಣದ ಕಿವಿಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದ, ಏನೂ ಆಗಲಿಲ್ಲ. ಅವನನ್ನು ಪಾದ್ರಿ ಪದವಿಯಿಂದ ತೆಗೆದುಹಾಕಿದರು.

ಒಂದೇ ಸಂಕಲ್ಪದ ವಾದಕ್ಕೆ ದಾರಿ ಮಾಡಿಕೊಟ್ಟರೆಂದು ಖಂಡನೆಗೊಳಗಾದವರ ಪಟ್ಟಿಯಲ್ಲಿ ಎಂದೋ ತೀರಿಕೊಂಡಿದ್ದ ಪೋಪ್ ಹೊನೋರಿಯಸ್ ಕೂಡ ಇದ್ದರು. 1870ರಲ್ಲಿ ಪೋಪ್ ತಪ್ಪಲಾರರು ಎಂಬ ಸಿದ್ಧಾಂತವನ್ನು ವ್ಯಾಟಿಕನ್ ಸಭೆ ಚರ್ಚಿಸುವಾಗಲೂ ಈ ಹೆಸರು ಅಡ್ಡ ಬಂತು.

692ರ ಸಭೆಯೂ ಅದೇ ಸಭಾಂಗಣದಲ್ಲೇ? ಎರಡರ ವ್ಯತ್ಯಾಸವೇನು?

ಸಭಾಂಗಣ ಅದೇ, ಕೆಲಸ ಬೇರೆ. 680ರ ಸಭೆ ಸಿದ್ಧಾಂತ ಹೇಳಿತು, ಶಿಸ್ತಿನ ನಿಯಮಗಳನ್ನು ಮಾಡಲಿಲ್ಲ. ಆ ಕೊರತೆ ತುಂಬಲು 2ನೇ ಜಸ್ಟಿನಿಯನ್ ಕರೆದ ಸಭೆ 102 ನಿಯಮಗಳನ್ನು ಮಾಡಿತು. ‘ಟ್ರುಲ್ಲೋ ಸಭೆ’ ಎಂದರೆ ಸಾಮಾನ್ಯವಾಗಿ ಇದೇ. ವಿವಾಹಿತರು ಹೆಂಡತಿಯೊಡನೆ ಸಂಸಾರ ಮಾಡುತ್ತಲೇ ಪಾದ್ರಿಗಳಾಗಿ ಮುಂದುವರಿಯಬಹುದು ಎಂದು 13ನೇ ನಿಯಮ ಹೇಳಿತು, ಅದೂ ರೋಮ್‌ನ ಪದ್ಧತಿಯನ್ನು ಹೆಸರು ಹಿಡಿದು ಅಲ್ಲಗಳೆದು. ಪೋಪ್ ಸೆರ್ಗಿಯಸ್ ಸಹಿ ಹಾಕಲು ಒಪ್ಪಲಿಲ್ಲ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ವಿವಾಹಿತ ಪಾದ್ರಿಗಳು ಇಂದಿಗೂ ಇರುವುದಕ್ಕೆ ಈ ನಿಯಮ ಆಧಾರ.

82ನೇ ನಿಯಮವನ್ನು ನೆನಪಿಟ್ಟುಕೊಳ್ಳಿ. ಕ್ರಿಸ್ತನನ್ನು ಕುರಿಮರಿಯಾಗಿ ಬರೆಯಬಾರದು, ಮನುಷ್ಯನ ರೂಪದಲ್ಲೇ ಬರೆಯಬೇಕು ಎನ್ನುತ್ತದೆ ಅದು. ಕ್ರಿಸ್ತನ ಮುಖವನ್ನು ನಾಣ್ಯದ ಮುಂಬದಿಗೆ ತಂದು, ಕೈಯಲ್ಲಿ ಶಿಲುಬೆ ಹಿಡಿದು ನಿಂತ ತಾನು ಹಿಂಬದಿಗೆ ಸರಿದದ್ದೂ ಇದೇ ಸಾಮ್ರಾಟ. ನಾಲ್ಕು ದಶಕಗಳೊಳಗೆ ಅದೇ ಅರಮನೆಯಿಂದ ಇದಕ್ಕೆ ತದ್ವಿರುದ್ಧವಾದ ಮಾತು ಹೊರಟಿತು.

ಚಿತ್ರಭಂಜನೆ ಶುರುವಾದದ್ದು ಖಾಲ್ಕಿ ಬಾಗಿಲಿನಲ್ಲೇ?

ಮೊದಲು ಒಂದು ಪದದ ವಿಚಾರ. ಪವಿತ್ರ ಚಿತ್ರಗಳನ್ನು ತೆಗೆದುಹಾಕುವ ಈ ನೀತಿಯನ್ನು ಕನ್ನಡದಲ್ಲಿ ‘ಮೂರ್ತಿಭಂಜನೆ’ ಎಂದು ಬರೆಯುವುದುಂಟು. ಅದು ದಾರಿತಪ್ಪಿಸುತ್ತದೆ. ಜಗಳವಿದ್ದದ್ದು ಮುಖ್ಯವಾಗಿ ಹಲಗೆಯ ಮೇಲೆ ಬರೆದ ಮತ್ತು ಗೋಡೆಯ ಮೇಲೆ ಮೊಸಾಯಿಕ್‌ನಲ್ಲಿ ಮಾಡಿದ ಪವಿತ್ರ ಚಿತ್ರಗಳ ಬಗ್ಗೆ. ಆದ್ದರಿಂದ ಇಲ್ಲಿ ‘ಚಿತ್ರಭಂಜನೆ’ ಎಂದೇ ಬಳಸಿದ್ದೇವೆ.

ಖಾಲ್ಕಿ ಎಂದರೆ ಕಂಚಿನದು. 532ರ ನಿಕಾ ದಂಗೆಯಲ್ಲಿ ಸುಟ್ಟುಹೋದ ಈ ಬಾಗಿಲನ್ನು 1ನೇ ಜಸ್ಟಿನಿಯನ್ ಮತ್ತೆ ಕಟ್ಟಿಸಿದ. ಸಾಮ್ರಾಟ 3ನೇ ಲಿಯೋ ಇದರ ಮೇಲಿದ್ದ ಕ್ರಿಸ್ತನ ಚಿತ್ರವನ್ನು ತೆಗೆಸಿದ, ಏಣಿ ಹತ್ತಿದ ಅಧಿಕಾರಿಯನ್ನು ಕೆರಳಿದ ಹೆಂಗಸರು ಕೆಳಗೆ ಕೆಡವಿ ಕೊಂದರು ಎನ್ನುವುದು ಪ್ರಸಿದ್ಧ ಕಥೆ. ಕೆಲವು ಪುಸ್ತಕಗಳಲ್ಲಿ 726, ಕೆಲವುದರಲ್ಲಿ 730 ಎಂದಿರುತ್ತದೆ. ಈ ಕಥೆಯ ಬರಹಗಳು ನಂತರದ ಕಾಲದವು, ಚಿತ್ರಪಕ್ಷದವರು ಬರೆದವು. ಆ ಹೊತ್ತಿಗೆ ಅಲ್ಲಿ ಅಂಥ ಚಿತ್ರವೇ ಇರಲಿಲ್ಲ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಹಾಗಾಗಿ ಇದನ್ನೇ ಆರಂಭದ ದಿನ ಎಂದು ಹೇಳುವುದು ಒಳ್ಳೆಯದಲ್ಲ.

ಗಟ್ಟಿಯಾಗಿ ಹಿಡಿಯಬಹುದಾದ ತಾರೀಖು 730ರ ಜನವರಿ 17. ಅಂದು ಅರಮನೆಯ ಹತ್ತೊಂಬತ್ತು ಹಾಸುಗಳ ಸಭಾಂಗಣದಲ್ಲಿ (ಒರಗಿ ಉಣ್ಣುವ ಹಾಸುಗಳಿದ್ದ ಔತಣದ ಸಭಾಂಗಣ) ಲಿಯೋ ಉನ್ನತ ಸಭೆ ಕರೆದು, ಚಿತ್ರಗಳ ವಿರುದ್ಧದ ನಿರ್ಣಯವನ್ನು ಒಪ್ಪುವಂತೆ ಪೇಟ್ರಿಯಾರ್ಕ್ ಜರ್ಮಾನೋಸ್‌ಗೆ ಹೇಳಿದ. ಸಾರ್ವತ್ರಿಕ ಧರ್ಮಸಭೆಯಿಲ್ಲದೆ ವಿಶ್ವಾಸದಲ್ಲಿ ಹೊಸದನ್ನು ತರಲಾಗದು ಎಂದು ಹೇಳಿ ಆ ವೃದ್ಧರು ಪೀಠ ಬಿಟ್ಟು ಹೊರನಡೆದರು. ಅವರ ಈ ಆಕ್ಷೇಪವೇ ಮುಂದಿನ ಪ್ರಶ್ನೆಗೆ ಕೀಲಿಕೈ.

754ರಲ್ಲಿ ಹಿಯೆರಿಯ ಅರಮನೆಯಲ್ಲಿ ಏನಾಯಿತು? ಅದನ್ನು ‘ತಲೆಯಿಲ್ಲದ ಸಭೆ’ ಎನ್ನುವುದೇಕೆ?

ಲಿಯೋನ ಮಗ 5ನೇ ಕಾನ್‌ಸ್ಟಾಂಟೈನ್ ಆ ಆಕ್ಷೇಪಕ್ಕೆ ನೇರ ಉತ್ತರ ಕೊಟ್ಟ. ಧರ್ಮಸಭೆ ಬೇಕೆಂದರಲ್ಲ, ಇಗೋ ಕರೆದೆ ಎಂದು. 754ರ ಫೆಬ್ರವರಿ 10ರಿಂದ ಆಗಸ್ಟ್ 8ರವರೆಗೆ 338 ಬಿಷಪ್‌ಗಳು ಸೇರಿದ್ದರು. ಸಂಖ್ಯೆಯ ಲೆಕ್ಕದಲ್ಲಿ ಇದು ಸಣ್ಣ ಸಭೆಯೇನಲ್ಲ.

ಅದರ ತರ್ಕವೂ ಗಂಭೀರವಾದದ್ದು. ಕ್ರಿಸ್ತನ ಚಿತ್ರ ಬರೆದವನು ಎರಡರಲ್ಲಿ ಒಂದು ತಪ್ಪು ಮಾಡಿಯೇ ತೀರುತ್ತಾನೆ: ದೈವ ಸ್ವಭಾವವನ್ನು ಬರೆದೆನೆಂದರೆ ಸೀಮೆಯಿಲ್ಲದ್ದನ್ನು ಗೆರೆಯೊಳಗೆ ಕಟ್ಟಿಹಾಕಿದಂತೆ, ಮಾನುಷ ಸ್ವಭಾವವನ್ನು ಮಾತ್ರ ಬರೆದೆನೆಂದರೆ ಒಂದಾಗಿರುವ ಕ್ರಿಸ್ತನನ್ನು ಎರಡಾಗಿ ಸೀಳಿದಂತೆ. ಪರಮಪ್ರಸಾದದ ರೊಟ್ಟಿ, ದ್ರಾಕ್ಷಾರಸಗಳೇ ಅವನ ಏಕೈಕ ನಿಜವಾದ ಚಿತ್ರ ಎಂದಿತು ಸಭೆ. ಅಂದರೆ ಇವರು ಕಲೆ ತಿಳಿಯದ ಒರಟರು ಎಂಬ ಚಿತ್ರಣ ತಪ್ಪು. ಟ್ರುಲ್ಲೋದಲ್ಲಿ ನಡೆದ ವಾದದ ಪಟ್ಟುಗಳನ್ನೇ ಅವರು ಇಲ್ಲಿ ಹಾಕಿದರು.

ಎಡವಟ್ಟಾದದ್ದು ಪೀಠಗಳ ವಿಷಯದಲ್ಲಿ. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ತೀರಿಕೊಂಡು ಪೀಠ ಖಾಲಿಯಿತ್ತು. ರೋಮ್‌ನಿಂದ ಯಾರೂ ಬರಲಿಲ್ಲ. ಅಲೆಕ್ಸಾಂಡ್ರಿಯ, ಅಂಟಿಯೋಕ್, ಜೆರುಸಲೇಮ್ ಅರಬ್ಬರ ಆಳ್ವಿಕೆಯಲ್ಲಿದ್ದವು, ಅಲ್ಲಿಂದಲೂ ಯಾರೂ ಇರಲಿಲ್ಲ. ಎಫೆಸಸ್‌ನ ಬಿಷಪ್ ಥಿಯೊಡೋಸಿಯಸ್ ಅಧ್ಯಕ್ಷತೆ ವಹಿಸಿದರು. ಕೊನೆಯ ದಿನ ಬ್ಲಾಖರ್ನೆ ಚರ್ಚಿನಲ್ಲಿ ಸಾಮ್ರಾಟ ತಾನೇ ಹೊಸ ಪೇಟ್ರಿಯಾರ್ಕ್‌ನ ಹೆಸರು ಘೋಷಿಸಿದ. ಐದರಲ್ಲಿ ಒಂದು ಪೀಠವೂ ಇಲ್ಲದ ಈ ಸಭೆಗೆ ವಿರೋಧಿಗಳು ‘ತಲೆಯಿಲ್ಲದ್ದು’ ಎಂದು ಹೆಸರಿಟ್ಟರು.

ಹಿಯೆರಿಯದ ನಡಾವಳಿ ನಾಶವಾಯಿತು. ಅದರ ನಿರ್ಣಯ ಮಾತ್ರ ಉಳಿದಿದೆ, ಅದೂ ಶತ್ರುಗಳ ಕೈಯಲ್ಲಿ: 787ರ ಸಭೆ ಅದನ್ನು ತುಂಡು ತುಂಡಾಗಿ ಓದಿಸಿ ಖಂಡಿಸಿದ್ದರಿಂದ.

787ರ ಸಭೆ ನಿಕೇಯದಲ್ಲಿ ನಡೆಯಿತಲ್ಲ, ಅರಮನೆಗೇನು ಸಂಬಂಧ?

ಮೊದಲ ಯತ್ನ 786ರ ಆಗಸ್ಟ್‌ನಲ್ಲಿ ರಾಜಧಾನಿಯ ಪವಿತ್ರ ಅಪೊಸ್ತಲರ ಚರ್ಚಿನಲ್ಲೇ ಆಗಿತ್ತು. 5ನೇ ಕಾನ್‌ಸ್ಟಾಂಟೈನ್‌ನ ಕಾಲದ ಸೈನಿಕರು ಕತ್ತಿ ಹಿರಿದು ನುಗ್ಗಿ ಸಭೆಯನ್ನು ಚದುರಿಸಿದರು. ಮಗನ ಪರವಾಗಿ ಆಳುತ್ತಿದ್ದ ರಾಣಿ ಐರೀನ್ ಆ ದಳಗಳನ್ನು ದಂಡಯಾತ್ರೆಯ ನೆಪದಲ್ಲಿ ನಗರದಿಂದ ಹೊರಗೆ ಸಾಗಿಸಿ, ಆಯುಧ ಕಸಿದು ವಿಸರ್ಜಿಸಿದಳು. ಮರುವರ್ಷ ಸೆಪ್ಟೆಂಬರ್ 24ರಂದು ನಿಕೇಯದಲ್ಲಿ ಸಭೆ ಸೇರಿತು. ಚಿತ್ರಗಳಿಗೆ ಸಲ್ಲುವುದು ಗೌರವ, ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ತೋರಿದ ಗೌರವ ಅದರ ಮೂಲಕ್ಕೆ ಸೇರುತ್ತದೆ ಎಂದು ಅದು ತೀರ್ಮಾನಿಸಿತು. ಈ ಸಲ ಪೋಪ್‌ನ ಪ್ರತಿನಿಧಿಗಳೂ ಪೂರ್ವದ ಪೀಠಗಳ ಪರವಾಗಿ ಇಬ್ಬರು ಸನ್ಯಾಸಿಗಳೂ ಇದ್ದರು. ಹಿಯೆರಿಯದ ಪಾಠವನ್ನು ಕಲಿತಿದ್ದರು.

ಏಳು ಅಧಿವೇಶನಗಳ ಬಳಿಕ ಎಲ್ಲರೂ ರಾಜಧಾನಿಗೆ ಬಂದರು. ಅಕ್ಟೋಬರ್ 23ರಂದು ಮಗ್ನೌರದಲ್ಲಿ ನಿರ್ಣಯವನ್ನು ಓದಿ, ಐರೀನ್ ಮತ್ತು ಅವಳ ಮಗ 6ನೇ ಕಾನ್‌ಸ್ಟಾಂಟೈನ್ ಸಹಿ ಹಾಕಿದರು. ಹತ್ತು ವರ್ಷಗಳ ನಂತರ, 797ರಲ್ಲಿ, ಇದೇ ಅರಮನೆಯಲ್ಲಿ, ರಾಜಕುಮಾರರು ಹುಟ್ಟುವ ಕೆನ್ನೀಲಿ ಕೋಣೆಯಲ್ಲಿ, ಆ ಮಗನ ಕಣ್ಣು ಕೀಳಿಸಿದವಳೂ ಅವಳೇ. ಅವನು ಹುಟ್ಟಿದ್ದು ಅದೇ ಕೋಣೆಯಲ್ಲಿ.

ಹಾಗಾದರೆ 843ರಲ್ಲಿ ಮತ್ತೆ ಏಕೆ ನಿರ್ಣಯ ಬೇಕಾಯಿತು?

815ರಲ್ಲಿ 5ನೇ ಲಿಯೋ ಹಿಯೆರಿಯದ ನಿರ್ಣಯವನ್ನು ಮತ್ತೆ ಜಾರಿಗೆ ತಂದಿದ್ದ. 820ರ ಕ್ರಿಸ್ಮಸ್ ಬೆಳಗಿನ ಪ್ರಾರ್ಥನೆಯಲ್ಲಿ, ಅರಮನೆಯ ಪ್ರಾರ್ಥನಾಮಂದಿರದೊಳಗೇ ಅವನ ಕೊಲೆಯಾಯಿತು. ಆದರೂ ನೀತಿ ಬದಲಾಗಲಿಲ್ಲ. ಥಿಯೋಫಿಲೋಸ್ (829–842) ಇನ್ನಷ್ಟು ಬಿಗಿ ಮಾಡಿದ. ಥಿಯೊಡೋರ್, ಥಿಯೊಫಾನಿಸ್ ಎಂಬ ಸನ್ಯಾಸಿ ಸಹೋದರರ ಮುಖದ ಮೇಲೆ 12 ಸಾಲಿನ ಪದ್ಯವನ್ನು ಹಚ್ಚೆಯಾಗಿ ಚುಚ್ಚಿಸಿದ. ಲಾಜರೋಸ್ ಎಂಬ ಚಿತ್ರಕಾರ ಸನ್ಯಾಸಿಯ ಅಂಗೈಗಳನ್ನು ಕಾದ ಕಬ್ಬಿಣದಿಂದ ಸುಡಿಸಿದ.

ಅವನ ಹೆಂಡತಿ ಥಿಯೊಡೋರಾ ಅರಮನೆಯ ಒಳಮನೆಯಲ್ಲೇ ಚಿತ್ರಗಳನ್ನು ಬಚ್ಚಿಟ್ಟು ಪೂಜಿಸುತ್ತಿದ್ದಳು ಎಂದು ಚರಿತ್ರಕಾರರು ಬರೆದಿದ್ದಾರೆ. ಗಂಡ ತೀರಿಕೊಂಡು ಒಂದು ವರ್ಷ ಕಳೆದ ಮೇಲೆ, 843ರ ಮಾರ್ಚ್ 11ರಂದು, ಚಿತ್ರಗಳು ಮರಳಿ ಬಂದವು. ಈಸ್ಟರ್‌ಗೆ ಮುಂಚಿನ ಉಪವಾಸಕಾಲದ ಮೊದಲ ಭಾನುವಾರವನ್ನು ಆರ್ಥೊಡಾಕ್ಸ್ ಚರ್ಚು ಇಂದಿಗೂ ಈ ನೆನಪಿನ ಹಬ್ಬವಾಗಿ ಆಚರಿಸುತ್ತದೆ. ಖಾಲ್ಕಿ ಬಾಗಿಲಿನ ಮೇಲೆ ಕ್ರಿಸ್ತನನ್ನು ಮತ್ತೆ ಬರೆದವನು ಅದೇ ಲಾಜರೋಸ್, ಸುಟ್ಟ ಕೈಗಳಿಂದ.

ಕ್ರೈಸೊಟ್ರಿಕ್ಲಿನೋಸ್‌ನಲ್ಲಿ ಸಿಂಹಾಸನದ ಮೇಲ್ಗಡೆ ಕ್ರಿಸ್ತನ ಮೊಸಾಯಿಕ್ ಮರುಸ್ಥಾಪಿಸಿದ್ದು ಅವಳ ಮಗ 3ನೇ ಮೈಕೆಲ್. ದಿನವೂ ಬೆಳಿಗ್ಗೆ ‘ಪಾಪಿಯಾಸ್’ ಎಂಬ ದ್ವಾರಪಾಲಕ ಅಧಿಕಾರಿ ಬಾಗಿಲು ತೆಗೆದ ಮೇಲೆ, ಸಾಮ್ರಾಟ ಮೊದಲು ಆ ಚಿತ್ರದ ಮುಂದೆ ಪ್ರಾರ್ಥಿಸಿ ಆನಂತರ ಆಸನದಲ್ಲಿ ಕೂರುತ್ತಿದ್ದ.

ಅರಮನೆಯಲ್ಲಿ ಯಾವ ಪವಿತ್ರ ಅವಶೇಷಗಳಿದ್ದವು? ಈಗ ಎಲ್ಲಿವೆ?

ಚಿನ್ನದ ಸಭಾಂಗಣದ ಮಗ್ಗುಲಲ್ಲಿ, ದೀಪಸ್ತಂಭದ ಬಳಿ, ಮೇರಿಮಾತೆಯ ಸಣ್ಣ ಪ್ರಾರ್ಥನಾಮಂದಿರವಿತ್ತು. ದೀಪಸ್ತಂಭಕ್ಕೆ ಗ್ರೀಕಿನಲ್ಲಿ ಫಾರೋಸ್ ಎನ್ನುವುದರಿಂದ ಅದೇ ಹೆಸರು. 3ನೇ ಮೈಕೆಲ್ ಅದನ್ನು ಹೊಸದಾಗಿ ಕಟ್ಟಿಸಿದಾಗ, 864ರಲ್ಲಿ ಪೇಟ್ರಿಯಾರ್ಕ್ ಫೋಟಿಯೋಸ್ ಪ್ರವಚನ ಮಾಡಿದರು. ಮುಳ್ಳಿನ ಕಿರೀಟ, ಶಿಲುಬೆಯ ತುಂಡುಗಳು, ಮೊಳೆ, ಈಟಿ ಮುಂತಾಗಿ ಕ್ರಿಸ್ತನ ಯಾತನೆಗೆ ಸಂಬಂಧಿಸಿದ ವಸ್ತುಗಳು ಇಲ್ಲಿ ಒಟ್ಟುಗೂಡಿದವು. ಕ್ರಿಸ್ತನ ಮುಖ ತಾನಾಗಿ ಮೂಡಿತ್ತೆಂದು ನಂಬುವ ಎಡೆಸ್ಸದ ಬಟ್ಟೆ 944ರ ಆಗಸ್ಟ್ 15ರಂದು ನಗರಕ್ಕೆ ಬಂತು. ಅದಕ್ಕಾಗಿ 200 ಮುಸ್ಲಿಂ ಕೈದಿಗಳನ್ನು ಬಿಟ್ಟು 12,000 ಬೆಳ್ಳಿ ನಾಣ್ಯ ಕೊಟ್ಟರು. 13ನೇ ಶತಮಾನ ಕಾಲಿಡುವ ಹೊತ್ತಿಗೆ ಇಲ್ಲಿ ಪಾಲಕರಾಗಿದ್ದ ನಿಕೋಲಾಸ್ ಮೆಸರಿಟಿಸ್ ಹತ್ತು ಅವಶೇಷಗಳನ್ನು ಎಣಿಸಿ, ಅವನ್ನು ಹತ್ತು ಆಜ್ಞೆಗಳಿಗೆ ಹೋಲಿಸಿದರು.

1204ರಲ್ಲಿ ನಾಲ್ಕನೆಯ ಕ್ರುಸೇಡ್‌ನ ಸೈನ್ಯ ನಗರವನ್ನು ಸೂರೆ ಮಾಡಿತು. ಬುಕೋಲಿಯನ್ ಭಾಗ ಒಬ್ಬ ನಾಯಕನ ವಶಕ್ಕೆ ಶರಣಾದ ಕಾರಣ ಈ ಮಂದಿರದ ಭಂಡಾರ ಆ ಕ್ಷಣಕ್ಕೆ ಚೆಲ್ಲಾಪಿಲ್ಲಿಯಾಗಲಿಲ್ಲ. ಆದರೆ ಬಳಿಕ ನಗರವನ್ನಾಳಿದ ಪಶ್ಚಿಮದ, ಅಂದರೆ ಲ್ಯಾಟಿನ್, ಸಾಮ್ರಾಟರಿಗೆ ಹಣವಿರಲಿಲ್ಲ. ಮುಳ್ಳಿನ ಕಿರೀಟವನ್ನು ವೆನಿಸ್‌ನವರಲ್ಲಿ 13,134 ಚಿನ್ನದ ನಾಣ್ಯಗಳಿಗೆ ಒತ್ತೆ ಇಡಲಾಯಿತು. ಫ್ರಾನ್ಸ್‌ನ 9ನೇ ಲೂಯಿ ಸಾಲ ತೀರಿಸಿ 1239ರಲ್ಲಿ ಅದನ್ನು ಪ್ಯಾರಿಸ್‌ಗೆ ತರಿಸಿಕೊಂಡ, ಅದಕ್ಕೆಂದೇ 1248ರಲ್ಲಿ ಸೇಂಟ್ ಶಾಪೆಲ್ ಎಂಬ ಪ್ರಾರ್ಥನಾಮಂದಿರ ಸಿದ್ಧವಾಯಿತು. ಎಡೆಸ್ಸದ ಬಟ್ಟೆ ಕಳೆದುಹೋಗಿದೆ, ಅದನ್ನು ಈಗ ಯಾರೂ ನೋಡಲಾರರು. ಕಿರೀಟ ಮಾತ್ರ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲಿತ್ತು. 2019ರ ಏಪ್ರಿಲ್ 15ರ ಬೆಂಕಿಯಿಂದ ಅದನ್ನು ಹೊರತಂದರು, 2024ರ ಡಿಸೆಂಬರ್‌ನಲ್ಲಿ ಅದು ಅಲ್ಲಿಗೆ ಮರಳಿತು.

ಹಬ್ಬದ ದಿನ ಅರಮನೆಯಲ್ಲಿ ಏನು ನಡೆಯುತ್ತಿತ್ತು?

ಕ್ರಿಸ್ಮಸ್‌ನಿಂದ ಹನ್ನೆರಡು ದಿನ ಹತ್ತೊಂಬತ್ತು ಹಾಸುಗಳ ಸಭಾಂಗಣದಲ್ಲಿ ಔತಣ. ಒಂದು ಹಾಸಿಗೆ 12 ಜನ, ಅಪೊಸ್ತಲರ ಲೆಕ್ಕ. 19 ಹಾಸಿಗೆ 228 ಜನ. ಉಳಿದ ದಿನಗಳಲ್ಲಿ ಕುರ್ಚಿಯ ಮೇಲೆ ಕೂತು ಉಣ್ಣುತ್ತಿದ್ದವರು ಇಲ್ಲಿ ಹಳೆಯ ರೋಮ್‌ನವರಂತೆ ಒರಗಿ ಉಣ್ಣುತ್ತಿದ್ದರು. ಯಾರು ಎಲ್ಲಿ ಒರಗಬೇಕು ಎಂಬ ಪಟ್ಟಿಯನ್ನು 899ರಲ್ಲಿ ಫಿಲೊಥಿಯೋಸ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಅರಬ್ ಕೈದಿಗಳಿಗೂ ಪಂಕ್ತಿಯಲ್ಲಿ ಜಾಗವಿತ್ತು. ಹಾಗೆ ಸೆರೆಯಲ್ಲಿದ್ದ ಹಾರೂನ್ ಇಬ್ನ್ ಯಹ್ಯಾ, ಊಟದಲ್ಲಿ ಹಂದಿಮಾಂಸವಿಲ್ಲ ಎಂದು ಅವರಿಗೆ ಕೂಗಿ ಹೇಳುತ್ತಿದ್ದರೆಂದು ದಾಖಲಿಸಿದ್ದಾನೆ.

ಈ ಅರಮನೆಗೂ ಭಾರತಕ್ಕೂ ಏನಾದರೂ ಸಂಬಂಧವಿದೆಯೇ?

ಇದೆ, ಕರಾವಳಿಯವರೆಗೂ ಬರುತ್ತದೆ. 451ರಲ್ಲಿ ಖಾಲ್ಸಿಡಾನ್ ಸಭೆ ಕ್ರಿಸ್ತನಿಗೆ ಎರಡು ಸ್ವಭಾವ ಎಂದು ಸಾರಿದ್ದನ್ನು ಸಿರಿಯ, ಈಜಿಪ್ಟ್‌ಗಳ ಬಹಳ ಜನ ಒಪ್ಪಲಿಲ್ಲ. 1ನೇ ಜಸ್ಟಿನಿಯನ್ ಖಾಲ್ಸಿಡಾನ್ ಪಕ್ಷ, ಅವನ ರಾಣಿ ಥಿಯೊಡೋರಾ ವಿರೋಧಿಗಳ ಪಕ್ಷ. (843ರ ಥಿಯೊಡೋರಾ ಬೇರೆ, ಇಬ್ಬರ ನಡುವೆ ಮುನ್ನೂರು ವರ್ಷಗಳಿವೆ.) ಅರಮನೆಗೆ ಸೇರಿದ ಹೊರ್ಮಿಸ್ಡಾಸ್ ಮನೆಯಲ್ಲಿ ಅವಳು ಆ ಪಕ್ಷದ ನೂರಾರು ಸನ್ಯಾಸಿಗಳಿಗೆ ಆಶ್ರಯ ಕೊಟ್ಟಳು. ಅವಳ ಬೆಂಬಲದಿಂದಲೇ 542ರ ಆಸುಪಾಸಿನಲ್ಲಿ ಯಾಕೋಬ್ ಬುರ್ದಾನ ಎಂಬ ಸನ್ಯಾಸಿ ಎಡೆಸ್ಸದ ಬಿಷಪ್ ಆಗಿ ಅಭಿಷಿಕ್ತರಾಗಿ, ಹರಕು ಬಟ್ಟೆಯಲ್ಲಿ ಊರೂರು ಅಲೆದು ಪಾದ್ರಿಗಳನ್ನು ನೇಮಿಸಿ, ಸಿರಿಯದ ಚರ್ಚನ್ನು ಉಳಿಸಿದರು. ‘ಯಾಕೋಬಾಯ’ ಎಂಬ ಹೆಸರು ಅವರಿಂದಲೇ ಬಂದದ್ದು.

1665ರಲ್ಲಿ ಆ ಚರ್ಚಿನ ಬಿಷಪ್ ಅಬ್ದುಲ್ ಜಲೀಲ್ ಮಲಬಾರಿಗೆ ಬಂದ ಮೇಲೆ ಕೇರಳದ ಸಿರಿಯನ್ ಕ್ರೈಸ್ತರ ಒಂದು ಭಾಗ ಆ ಪರಂಪರೆಗೆ ಸೇರಿತು. 1889ರಲ್ಲಿ ಗೋವಾ ಮೂಲದ ಪಾದ್ರಿ ಅಲ್ವಾರಿಸ್ ಅದೇ ಚರ್ಚಿನಲ್ಲಿ ಮಾರ್ ಯೂಲಿಯೋಸ್ ಎಂಬ ಹೆಸರಿನಿಂದ ಬಿಷಪ್ ಆದರು. ಅವರ ಹಿಂದೆ ಬಂದ ಬ್ರಹ್ಮಾವರದ ಕೊಂಕಣಿ ಮಾತಿನ ಕುಟುಂಬಗಳೇ ಉಡುಪಿ ಜಿಲ್ಲೆಯ ಆರ್ಥೊಡಾಕ್ಸ್ ಸಿರಿಯನ್ ಸಮುದಾಯ.

ಅರಮನೆ ಹಾಳಾದದ್ದು ಹೇಗೆ?

ಒಂದೇ ಪೆಟ್ಟಿಗೆ ಬಿದ್ದದ್ದಲ್ಲ. ಸಾಮ್ರಾಟರು ಬ್ಲಾಖರ್ನೆಗೆ ಹೋದರು, ನಿರ್ವಹಣೆ ತಪ್ಪಿತು. ಹಣವಿಲ್ಲದ ಲ್ಯಾಟಿನ್ ಸಾಮ್ರಾಟರು ಛಾವಣಿಯ ಸೀಸವನ್ನೂ ಕಿತ್ತು ಮಾರಿದರು. ಸೀಸ ಹೋದರೆ ಮಳೆನೀರು ಒಳಗಿಳಿದು ಕಮಾನುಗಳು ಸಡಿಲವಾಗುತ್ತವೆ. 1453ರಲ್ಲಿ ಒಟ್ಟೋಮನ್ನರು ಬಂದಾಗ ಸಿಕ್ಕಿದ್ದು ಪಾಳು. 880ರಲ್ಲಿ 1ನೇ ಬೇಸಿಲ್ ಕಟ್ಟಿಸಿದ ಐದು ಗುಮ್ಮಟದ ಹೊಸ ಚರ್ಚನ್ನು ಮದ್ದಿನ ಉಗ್ರಾಣ ಮಾಡಿಕೊಂಡಿದ್ದರು, 1490ರಲ್ಲಿ ಸಿಡಿಲು ಬಡಿದು ಅದು ಸ್ಫೋಟಿಸಿತು. 17ನೇ ಶತಮಾನದ ಆರಂಭದಲ್ಲಿ ಮೇಲಿನ ತಟ್ಟಿನಲ್ಲಿ ನೀಲಿ ಮಸೀದಿ ಎದ್ದಿತು. 1870ರ ದಶಕದ ರೈಲುದಾರಿ ಬುಕೋಲಿಯನ್‌ನ ಒಂದು ಭಾಗವನ್ನು ಕೆಡವಿಕೊಂಡು ಹೋಯಿತು.

ಈಗ ಹೋದರೆ ಏನು ನೋಡಬಹುದು? ಯಾವ ಕ್ರಮದಲ್ಲಿ?

ಮೇಲಿನಿಂದ ಕೆಳಕ್ಕೆ ನಡೆಯಿರಿ, ಇಳಿಜಾರು ಕಾಲಿಗೇ ತಿಳಿಯುತ್ತದೆ. ಹಾಗಿಯಾ ಸೋಫಿಯಾದ ದಕ್ಷಿಣಕ್ಕೆ ನಿಂತರೆ ಖಾಲ್ಕಿ ಬಾಗಿಲಿದ್ದ ಆಸುಪಾಸಿನಲ್ಲಿ ಇರುತ್ತೀರಿ, ಆದರೆ ಬಾಗಿಲಿನದು ಅಲ್ಲಿ ಏನೂ ಕಾಣದು. ಅಲ್ಲಿಂದ ನೀಲಿ ಮಸೀದಿಯ ಹಿಂಬದಿಯ ಅರಾಸ್ತ ಬಜಾರಿಗೆ ಬನ್ನಿ. 1935ರಿಂದ ನಡೆದ ಉತ್ಖನನದಲ್ಲಿ ಸಿಕ್ಕ ಅಂಗಳದ ನೆಲಹಾಸಿನ ಮೊಸಾಯಿಕ್ ಅಲ್ಲಿನ ಸಂಗ್ರಹಾಲಯದಲ್ಲಿದೆ. ದುರಸ್ತಿಗಾಗಿ ವರ್ಷಗಟ್ಟಲೆ ಮುಚ್ಚಿದ್ದುಂಟು, ಹೊರಡುವ ಮುನ್ನ ತೆರೆದಿದೆಯೇ ಎಂದು ನೋಡಿಕೊಳ್ಳಿ. ಆ ನೆಲದಲ್ಲಿ ಬೇಟೆ, ಮಕ್ಕಳ ಆಟ, ಕತ್ತೆಗೆ ಮೇವು ಹಾಕುವ ಹುಡುಗ ಇದ್ದಾರೆ, ಧಾರ್ಮಿಕ ಚಿತ್ರ ಒಂದೂ ಇಲ್ಲ. ಅರಮನೆಯ ಧಾರ್ಮಿಕ ಕಲೆಯನ್ನು ಹುಡುಕಿ ಬಂದವರು ಇಲ್ಲಿ ನಿರಾಶರಾಗುವುದುಂಟು.

ಮುಂದೆ ಕೆಳಗಿಳಿದರೆ ಕುಚುಕ್ ಅಯಾಸೋಫಿಯಾ ಮಸೀದಿ. ಅದು ಹೊರ್ಮಿಸ್ಡಾಸ್ ಮನೆಗೆ ಅಂಟಿಕೊಂಡು ಜಸ್ಟಿನಿಯನ್ ಮತ್ತು ಥಿಯೊಡೋರಾ ಕಟ್ಟಿಸಿದ ಸೆರ್ಗಿಯಸ್ ಮತ್ತು ಬಾಖಸ್ ಸಂತರ ಚರ್ಚು. ಒಳಗೆ ತಲೆಯೆತ್ತಿ, ಕಂಬಗಳ ಮೇಲಿನ ಕಲ್ಲುಪಟ್ಟಿಯಲ್ಲಿ ಸುತ್ತಲೂ ಕೆತ್ತಿರುವ ಗ್ರೀಕ್ ಪದ್ಯವನ್ನು ನೋಡಿ, ಥಿಯೊಡೋರಾಳ ಹೆಸರು ಅದರಲ್ಲಿ ಈಗಲೂ ಇದೆ. ಅಲ್ಲಿಂದ ಸಮುದ್ರದ ದಂಡೆಯ ರಸ್ತೆಗಿಳಿದು ಪೂರ್ವಕ್ಕೆ ತಿರುಗಿದರೆ ಅಮೃತಶಿಲೆಯ ಚೌಕಟ್ಟಿನ ದೊಡ್ಡ ಕಿಟಕಿಗಳಿರುವ ಬುಕೋಲಿಯನ್ ಗೋಡೆ ಸಿಗುತ್ತದೆ.

ಹಿಯೆರಿಯಕ್ಕೆ ಎಮಿನೊನುವಿನಿಂದ ಕಡಿಕೊಯ್ ದೋಣಿ ಹಿಡಿಯಿರಿ. ಕಡಿಕೊಯ್ ಎಂದರೆ ಹಳೆಯ ಖಾಲ್ಸಿಡಾನ್, 451ರ ಸಭೆಯ ಊರು. ಅಲ್ಲಿಂದ ಫೆನರ್‌ಬಾಹ್ಚೆ ಹತ್ತಿರ. ಅರಮನೆಯ ಗೋಡೆ ಉಳಿದಿಲ್ಲ. 338 ಬಿಷಪ್‌ಗಳು ಆರು ತಿಂಗಳು ಕಳೆದ ಆ ಚಾಚಿನ ಮೇಲೆ ಈಗ ಉದ್ಯಾನವಿದೆ, ಸಂಜೆ ಹೊತ್ತು ಜನ ಗಾಳಿಗೆ ಬಂದು ಕೂರುತ್ತಾರೆ.